ಪರದೇಶದ ವಿದ್ಯೆಯೂ ನಮ್ಮ ಹೊಲದ ಅಳತೆಯೂ

ಒಂದೇ ಹೊಲದಲ್ಲಿ ಒಂದೇ ದಿನ ಒಂದೇ ಬೀಜವನ್ನು ಬಿತ್ತಿ, ಒಂದೇ ಪ್ರಮಾಣದಿಂದ ಗೊಬ್ಬರ ಹಾಕಿದರೂ ಪೀಕು ಎಲ್ಲ ಕಡೆಗೂ ಸಮನಾಗಿ ಬರುವದಿಲ್ಲವೆಂಬದು ಒಕ್ಕಲಿಗರಿಗೆ ಹೊಸ ಮಾತಲ್ಲ. ದಿನ್ನೆಯ ಮೇಲಿನ ಮಣ್ಣು ತೆಳುವಾಗಿದ್ದು ಅಲ್ಲಿಯ ಪೀಕು ಬೇಗನೆ ಬಾಡುವದು. ತಗ್ಗಿನಲ್ಲಿ ಎರೆಯು ಆಳವಾಗಿದ್ದು ಹಸಿ ಬಹುದಿನ ನಿಲ್ಲುವದು. ಬದುವಿನ ಮಗ್ಗಲಲ್ಲಿ ನೀರು ನಿಂತು ಬೇರು ಕೊಳೆಯುವದು. ಹಳೆಯ ತಿಪ್ಪೆಯಿದ್ದ ಸ್ಥಳದಲ್ಲಿ ಗಿಡವು ಕಪ್ಪುಹಸುರಾಗಿ ಏಳುವದು. ಇಷ್ಟೆಲ್ಲ ತಿಳಿದಿದ್ದರೂ ಗೊಬ್ಬರವನ್ನು ಮಾತ್ರ ಎಲ್ಲ ಕಡೆಗೂ ಒಂದೇ ಕೈಯಿಂದ ಚೆಲ್ಲುವದು ರೂಢಿಯಾಗಿದೆ. ಇದರಿಂದ ಬೇಡವಾದಲ್ಲಿ ಬಿದ್ದ ಹಣವು ಮಣ್ಣುಪಾಲಾಗುವದು. ಬೇಕಾದಲ್ಲಿ ಬೀಳದ ಹಣವು ಬೆಳೆಯ ನಷ್ಟವಾಗುವದು.

ಹೊಲದೊಳಗಿನ ಈ ವ್ಯತ್ಯಾಸವನ್ನು ಅಳೆದು ತಿಳಿದುಕೊಂಡು, ಆಯಾ ತುಂಡಿಗೆ ಬೇಕಾದಷ್ಟೇ ಬೀಜ, ನೀರು, ಗೊಬ್ಬರ, ಔಷಧಗಳನ್ನು ತಕ್ಕ ಕಾಲಕ್ಕೆ ಕೊಡುವ ಪದ್ಧತಿಗೆ ಈಗ ನಿಖರ ಕೃಷಿಯೆಂದು ಹೆಸರು. ಅಳತೆಯ ಒಕ್ಕಲುತನವೆಂದು ಕರೆದರೂ ಸಲ್ಲುವದು. ಈ ವಿದ್ಯೆಯನ್ನು ಕಲಿಯುವದಕ್ಕಾಗಿ ನಮ್ಮ ವಿದ್ಯಾರ್ಥಿಗಳೂ ಸಂಶೋಧಕರೂ ಪರದೇಶಗಳಿಗೆ ಹೋಗುತ್ತಿರುವರು. ಅಲ್ಲಿಯವರು ಇಲ್ಲಿಗೆ ಬರುತ್ತಿರುವರು. ಹೀಗೆ ಹೋಗಿ ಬರುವವರು ತರತಕ್ಕದ್ದು ಯಾವುದು? ಯಂತ್ರವೋ, ಅಲ್ಲಿಯ ಹೊಲಗಳ ಅಂಕಿಗಳೋ, ಅಥವಾ ಅಳೆಯುವ ಕ್ರಮವೋ? ಈ ಪ್ರಶ್ನೆಗೆ ಉತ್ತರವನ್ನು ಹುಬ್ಬಳ್ಳಿ-ಧಾರವಾಡದ ಸೀಮೆಯ ಚರಿತ್ರೆಯಲ್ಲಿಯೇ ಹುಡುಕಬಹುದು. ಏಕೆಂದರೆ ಒಕ್ಕಲುತನದ ವಿಷಯದಲ್ಲಿ ಈ ಸೀಮೆಗೂ ಪರದೇಶಗಳಿಗೂ ಕೊಡುಕೊಳ್ಳುವ ವ್ಯವಹಾರವು ನೂರೆಂಬತ್ತು ವರ್ಷಗಳಿಂದ ನಡೆದುಬಂದಿದೆ.

೧. ಕುಸುಗಲ್ಲಿನ ಪ್ರಯೋಗಕ್ಷೇತ್ರ

೧೮೪೦ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ ಹತ್ತು ಜನ ಹತ್ತಿಯ ಬೆಳೆಗಾರರನ್ನು ಸಂಬಳಕ್ಕೆ ಗೊತ್ತುಮಾಡಿ ಹಿಂದುಸ್ತಾನಕ್ಕೆ ಕರೆತರಿಸಿದರು. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಉದ್ದ ಎಳೆಯ ಹತ್ತಿಯನ್ನು ಇಲ್ಲಿ ಬೆಳೆಯಿಸಬೇಕೆಂಬದು ಅವರ ಉದ್ದೇಶವಾಗಿದ್ದಿತು. ಬೆಳೆಗಾರರ ಸಂಗಡ ಅಲ್ಲಿಯ ಬೀಜ, ಅಲ್ಲಿಯ ನೇಗಿಲು, ಅರಳೆಯನ್ನು ಬೀಜದಿಂದ ಬಿಡಿಸುವ ಗರಗಸದ ಜಿನ್ನು ಇವೂ ಬಂದವು. ಇವರಲ್ಲಿ ಮರ್ಸರ್ ಎಂಬವರು ೧೮೪೨ರ ಸುಮಾರಿಗೆ ಧಾರವಾಡ ಜಿಲ್ಲೆಗೆ ನೇಮಕವಾಗಿ ಬಂದು, ಹುಬ್ಬಳ್ಳಿಯ ಸಮೀಪದ ಕುಸುಗಲ್ಲಿನಲ್ಲಿ ಪ್ರಯೋಗಕ್ಷೇತ್ರವನ್ನು ನಡೆಯಿಸಿದರು. ಆಗಿನ ಕಲೆಕ್ಟರರಾದ ಶಾ ಎಂಬವರು ನ್ಯೂ ಓರ್ಲಿಯನ್ಸ್ ಬೀಜವನ್ನು ರೈತರಿಗೆ ಹಂಚಿ ಪ್ರೋತ್ಸಾಹ ಕೊಟ್ಟರು.

ಹಿಂದುಸ್ತಾನದ ಅನೇಕ ಕಡೆಗಳಲ್ಲಿ ಈ ಬೀಜವು ನೆಲೆಗೊಳ್ಳಲಿಲ್ಲ. ಧಾರವಾಡದಲ್ಲಿ ಮಾತ್ರ ಚೆನ್ನಾಗಿ ನೆಲೆಗೊಂಡಿತು. ಇಲ್ಲಿಯ ಹವೆಯು ಅತಿ ಸೆಕೆಯದಲ್ಲ. ನೈಋತ್ಯ ಮಳೆಯು ಹಗುರಾಗಿ ಬಂದು ಹೋದ ಮೇಲೆ ಈಶಾನ್ಯ ಮಳೆಯೂ ಅಷ್ಟಿಷ್ಟು ಒದಗುವದು. ಎರೆಯು ಹಸಿಯನ್ನು ಹಿಡಿದಿಡುವದು. ಪರದೇಶದ ಗಿಡಕ್ಕೆ ಇವು ಮೂರೂ ಒಗ್ಗಿದವು. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಬರುವದು ನಿಂತ ಕಾಲಕ್ಕೆ, ಧಾರವಾಡ-ಅಮೆರಿಕನ್ ಎಂಬ ಹೆಸರಿನ ಹತ್ತಿಯು ಈ ಸೀಮೆಯಲ್ಲಿ ಒಂದು ಲಕ್ಷ ಎಕರೆಗೂ ಮೇಲ್ಪಟ್ಟು ಹಬ್ಬಿದ್ದಿತು. ಗರಗಸದ ಜಿನ್ನುಗಳನ್ನು ಮಾಡುವದಕ್ಕೂ ದುರಸ್ತಿ ಮಾಡುವದಕ್ಕೂ ಧಾರವಾಡದಲ್ಲಿಯೇ ಸರಕಾರದ ಕಾರ್ಖಾನೆ ಏರ್ಪಟ್ಟಿದ್ದಿತು.

ಆದರೆ ಈ ಕಥೆಯಲ್ಲಿ ಲಕ್ಷ್ಯಕ್ಕೆ ತಂದುಕೊಳ್ಳತಕ್ಕ ಮುಖ್ಯ ಸಂಗತಿ ಬೇರೆ ಇದೆ. ಕಲಿಸುವದಕ್ಕೆಂದು ಬಂದ ಮರ್ಸರರೇ ೧೮೪೫ರಲ್ಲಿ ಸರಕಾರಕ್ಕೆ ತಮ್ಮ ಅಭಿಪ್ರಾಯವನ್ನು ತಿಳಿಸಿದರು. ಪ್ರಯೋಗಕ್ಷೇತ್ರಗಳ ವೆಚ್ಚವು ವ್ಯರ್ಥವೆಂದೂ, ಅಮೆರಿಕದ ಸಾಗುವಳಿಯ ಕ್ರಮವು ಈ ದೇಶಕ್ಕೆ ಹೊಂದುವದಿಲ್ಲವೆಂದೂ, ತಮ್ಮ ಹವೆ ನೆಲಗಳ ಗುಣವನ್ನು ಬಲ್ಲ ಇಲ್ಲಿಯ ರೈತರು ಯಾವ ಯುರೋಪಿಯನ್ನರಿಗಿಂತಲೂ ಚೆನ್ನಾಗಿ ಮತ್ತು ಕಡಿಮೆ ವೆಚ್ಚದಿಂದ ಬೆಳೆಯಬಲ್ಲರೆಂದೂ, ಆದಕಾರಣ ಕ್ಷೇತ್ರಗಳನ್ನು ಮುಚ್ಚುವದು ಲೇಸೆಂದೂ ಅವರು ಹೇಳಿದರು. ಮೂರು ವರ್ಷಗಳ ಅನುಭವದಿಂದ ಬಂದ ಈ ಮಾತು ಪ್ರಾಮಾಣಿಕವಾದದ್ದು. ಬೀಜವು ನಿಂತಿತು, ಜಿನ್ನು ನಿಂತಿತು. ಪರದೇಶದ ಸಾಗುವಳಿಯ ಕ್ರಮವು ನಿಲ್ಲಲಿಲ್ಲ. ಬೀಜವನ್ನು ಇಲ್ಲಿಯ ಕೂರಿಗೆಯಿಂದಲೇ ಬಿತ್ತಿ, ಇಲ್ಲಿಯ ಎಡೆಕುಂಟೆಯಿಂದಲೇ ಹರಗಿ, ರೈತರು ಅದನ್ನು ತಮ್ಮದನ್ನಾಗಿ ಮಾಡಿಕೊಂಡರು.

ಒಂದು ಎಚ್ಚರಿಕೆಯೂ ಇಲ್ಲಿದೆ. ಬೀಜದ ಶುದ್ಧಿಯನ್ನು ಕಾಯುವ ವ್ಯವಸ್ಥೆ ಸಾಲದ್ದರಿಂದ ಅಮೆರಿಕನ್ ಹತ್ತಿಯೂ ನಾಡಹತ್ತಿಯೂ ಹೊಲದಲ್ಲಿಯೂ ಜಿನ್ನಿನಲ್ಲಿಯೂ ಬೆರೆತು ಮಾಲಿನ ಹೆಸರು ಕೆಟ್ಟಿತು. ಹತ್ತಿಯ ಕಲಬೆರಕೆಯನ್ನು ತಡೆಯಲು ಮುಂಬಯಿ ಸರಕಾರವು ೧೮೬೩ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಪರದೇಶದಿಂದ ವಸ್ತುವನ್ನು ತರುವದು ಸುಲಭ. ಅದರ ಗುಣವನ್ನು ವರ್ಷವರ್ಷವೂ ಪರೀಕ್ಷಿಸಿ ಕಾಯುವದು ಕಷ್ಟ.

೨. ಕಾಲೇಜಿನಿಂದ ವರಲಕ್ಷ್ಮಿಯವರೆಗೆ

ಧಾರವಾಡದಲ್ಲಿ ಕೃಷಿ ಕಾಲೇಜು ೧೯೪೭ರಲ್ಲಿ ಆರಂಭವಾಯಿತು. ೧೯೬೪ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವು ಸ್ಥಾಪಿತವಾದ ಮೇಲೆ ಈ ಕಾಲೇಜು ಅದರಲ್ಲಿ ಸೇರಿತು. ಆ ವಿಶ್ವವಿದ್ಯಾಲಯದ ಸಂಘಟನೆಗೆ ಅಮೆರಿಕದ ಟೆನ್ನೆಸ್ಸೀ ವಿಶ್ವವಿದ್ಯಾಲಯದವರು ನೆರವಾದರು. ಅಲ್ಲಿಯ ಪ್ರಾಧ್ಯಾಪಕರು ಇಲ್ಲಿಗೆ ಬಂದರು. ಇಲ್ಲಿಯ ಅಧ್ಯಾಪಕರು ಅಲ್ಲಿಗೆ ಹೋಗಿ ಕಲಿತು ಬಂದರು. ಬೋಧನೆ, ಸಂಶೋಧನೆ, ರೈತರಿಗೆ ತಿಳಿವಳಿಕೆ ಕೊಡುವದು ಈ ಮೂರೂ ಒಂದೇ ಸಂಸ್ಥೆಯಲ್ಲಿರಬೇಕೆಂಬ ತತ್ವವು ಆ ವಿನಿಮಯದಿಂದ ಬಂದ ಫಲ. ೧೯೮೬ರಲ್ಲಿ ಧಾರವಾಡದಲ್ಲಿ ಸ್ವತಂತ್ರ ಕೃಷಿ ವಿಶ್ವವಿದ್ಯಾಲಯವು ಏರ್ಪಟ್ಟಿತು.

ವಿನಿಮಯದ ಇನ್ನೊಂದು ಫಲವು ಹೊಲದಲ್ಲಿಯೇ ಕಂಡಿತು. ೧೯೭೨ರಲ್ಲಿ ಧಾರವಾಡದ ಹತ್ತಿ ಸಂಶೋಧಕರಾದ ಡಾ. ಬಿ. ಎಚ್. ಕಾತರಕಿಯವರು ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನು ಹೊರತಂದರು. ಇದರ ತಾಯಿಯು ಈ ಸೀಮೆಗೆ ಒಗ್ಗಿದ ಲಕ್ಷ್ಮಿ ಎಂಬ ತಳಿ. ತಂದೆಯು ಸೋವಿಯತ್ ರಷ್ಯದಿಂದ ಬಂದ ಎಸ್‌ಬಿ ೨೮೯-ಇ ಎಂಬ ಉದ್ದ ಎಳೆಯ ತಳಿ. ಎರಡು ಭಿನ್ನ ಜಾತಿಯ ಹತ್ತಿಗಳನ್ನು ಕೂಡಿಸಿ ರೈತರು ಬೆಳೆಯುವಂತೆ ಮಾಡಿದ ಸಂಕರಗಳಲ್ಲಿ ಇದೇ ಮೊದಲನೆಯದು. ೧೯೮೧ರಲ್ಲಿ ಇದೇ ದಾರಿಯಲ್ಲಿ ಡಿಸಿಎಚ್ ೩೨ ಎಂಬ ಜಯಲಕ್ಷ್ಮಿಯು ಬಂದಿತು. ಸಂಜೆ ಹೂವಿನ ಗಂಡುಕೇಸರಗಳನ್ನು ಕೈಯಿಂದ ತೆಗೆದು, ಮರುದಿನ ಮುಂಜಾನೆ ಬೇರೆ ತಳಿಯ ಪರಾಗವನ್ನು ಮುಟ್ಟಿಸಿ ಈ ಬೀಜವನ್ನು ತಯಾರಿಸಬೇಕಾಗುವದು. ಯಂತ್ರದಿಂದಾಗದ ಈ ಸೂಕ್ಷ್ಮ ಕೆಲಸವು ನಮ್ಮ ಹೆಣ್ಣುಮಕ್ಕಳ ಕೈಚಳಕದಿಂದ ಸಾಧ್ಯವಾಯಿತು. ರಷ್ಯದ ತಳಿಯನ್ನು ತಂದು ಹಾಗೆಯೇ ಬಿತ್ತಿದ್ದರೆ ಇಷ್ಟು ಫಲ ಸಿಕ್ಕುತ್ತಿರಲಿಲ್ಲ. ಪರದೇಶದ ಗುಣವನ್ನು ಇಲ್ಲಿಯ ಬೇರಿಗೆ ಕೂಡಿಸಿದ್ದೇ ಇದರ ಮರ್ಮ.

೩. ನಿಖರ ಕೃಷಿಯು ಹುಟ್ಟಿದ ಬಗೆ

ಉಪಗ್ರಹ, ಗಣಕಯಂತ್ರಗಳಿಂದಲೇ ನಿಖರ ಕೃಷಿಯು ಹುಟ್ಟಿತೆಂದು ಅನೇಕರು ತಿಳಿಯುವರು. ಅದು ಪೂರ್ಣ ಸತ್ಯವಲ್ಲ. ೧೯೨೯ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಲಿನ್ಸ್ಲಿ ಮತ್ತು ಬಾವರ್ ಎಂಬವರು ರೈತರಿಗಾಗಿ ಒಂದು ಪತ್ರಿಕೆಯನ್ನು ಹೊರಡಿಸಿದರು. ಹೊಲವನ್ನು ಚೌಕಗಳಾಗಿ ವಿಭಾಗಿಸಿ, ಚೌಕಚೌಕದ ಮಣ್ಣಿನ ಹುಳಿಯನ್ನು ಪರೀಕ್ಷಿಸಿ, ಕಾಗದದ ಮೇಲೆ ನಕ್ಷೆ ಬರೆದು, ಹುಳಿಯಿದ್ದಲ್ಲಿ ಮಾತ್ರ ಸುಣ್ಣ ಹಾಕುವ ಕ್ರಮವನ್ನು ಅದರಲ್ಲಿ ವಿವರಿಸಿದ್ದರು. ಗುದ್ದಲಿ, ಚೀಲ, ಪೆನ್ಸಿಲು ಇವಿಷ್ಟೇ ಅದರ ಸಾಧನಗಳು.

ಮುಂದೆ ಟ್ರ್ಯಾಕ್ಟರು ದೊಡ್ಡದಾಗುತ್ತ ಹೋದಂತೆ ಅಲ್ಲಿಯ ರೈತನು ನೆಲದಿಂದ ದೂರವಾದನು. ಹೊಲವೆಲ್ಲವನ್ನೂ ಒಂದೇ ಎಂದೆಣಿಸಿ ಗೊಬ್ಬರ ಚೆಲ್ಲತೊಡಗಿದನು. ಈ ದೋಷವನ್ನು ತಿದ್ದುವದಕ್ಕಾಗಿ ೧೯೮೦ರ ನಂತರ ಯಂತ್ರಕ್ಕೇ ಕಣ್ಣು ಕೊಡುವ ಪ್ರಯತ್ನವು ನಡೆಯಿತು. ಹೊಲದಲ್ಲಿ ತಾನಿರುವ ಸ್ಥಳವನ್ನು ಉಪಗ್ರಹಗಳ ಸಂಕೇತದಿಂದ ತಿಳಿಯುವ ಯಂತ್ರವೂ, ಕೊಯ್ಯುತ್ತಲೇ ಇಳುವರಿಯನ್ನು ಅಳೆಯುವ ಯಂತ್ರವೂ ೧೯೯೦ರ ದಶಕದಲ್ಲಿ ಬಳಕೆಗೆ ಬಂದವು. ೧೯೯೨ರಲ್ಲಿ ಮಿನೆಸೋಟಾದಲ್ಲಿ ಈ ವಿಷಯದ ಸಂಶೋಧಕರ ಮೊದಲ ಕಾರ್ಯಾಗಾರವು ನೆರೆಯಿತು. ಅದಕ್ಕೆ ಕಾರಣರಾದ ಪಿಯೆರ್ ರಾಬರ್ಟರನ್ನು ಈ ಶಾಸ್ತ್ರದ ಜನಕರೆಂದು ಕರೆಯುವದುಂಟು. ಸ್ಥಾನಸಂಕೇತಗಳಲ್ಲಿ ಬೇಕೆಂದೇ ಸೇರಿಸುತ್ತಿದ್ದ ತಪ್ಪನ್ನು ಅಮೆರಿಕ ಸರಕಾರವು ೨೦೦೦ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆ ಸಾಮಾನ್ಯ ಉಪಕರಣದಿಂದಲೂ ಕೆಲವು ಮೀಟರುಗಳೊಳಗಾಗಿ ಸ್ಥಾನವನ್ನು ಹೇಳುವದು ಸಾಧ್ಯವಾಯಿತು.

ಗಣಿತವೂ ಇದಕ್ಕೆ ನೆರವಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳ ಇಂಜಿನಿಯರರಾದ ಕ್ರಿಗೆ ಎಂಬವರು ೧೯೫೧ರಲ್ಲಿ, ಕೆಲವೇ ಕಡೆ ಕೊರೆದು ನೋಡಿದ ಅದಿರಿನಿಂದ ನಡುವಿನ ನೆಲದ ಗುಣವನ್ನು ಅಂದಾಜು ಮಾಡುವ ರೀತಿಯನ್ನು ಹೇಳಿದರು. ಹತ್ತಿರದ ನೆಲವು ಹತ್ತಿರದ ಗುಣವುಳ್ಳದ್ದು. ದೂರ ಹೋದಂತೆ ಹೋಲಿಕೆಯು ಕಡಿಮೆಯಾಗುವದು. ಎಷ್ಟು ದೂರಕ್ಕೆ ಎಷ್ಟು ಕಡಿಮೆಯಾಗುವದೆಂಬದನ್ನು ಮೊದಲು ಅಳೆಯಬೇಕು ಎಂಬದೇ ಅದರ ಸಾರ. ಮಣ್ಣಿನ ನಕ್ಷೆಗಳನ್ನು ಮಾಡುವವರು ಇಂದು ಈ ಗಣಿತವನ್ನೇ ಉಪಯೋಗಿಸುವರು.

೪. ಅಲ್ಲಿಯ ಹೊಲ, ಇಲ್ಲಿಯ ಹೊಲ

೨೦೨೨ರ ಗಣತಿಯ ಮೇರೆಗೆ ಅಮೆರಿಕದ ಒಂದು ಕಮತದ ಸರಾಸರಿ ವಿಸ್ತಾರವು ೪೬೩ ಎಕರೆ. ೨೦೧೫-೧೬ರ ಗಣತಿಯ ಮೇರೆಗೆ ನಮ್ಮ ದೇಶದ ಹಿಡುವಳಿಯ ಸರಾಸರಿಯು ೧.೦೮ ಹೆಕ್ಟೇರ್, ಅಂದರೆ ಸುಮಾರು ೨ ಎಕರೆ ೨೭ ಗುಂಟೆ. ಅಲ್ಲಿಯ ಬೆಲೆಯುಳ್ಳ ಯಂತ್ರವನ್ನು ಇಲ್ಲಿಯ ಒಬ್ಬ ರೈತನು ಕೊಂಡರೆ ಯಂತ್ರವೇ ಹೊಲವನ್ನು ನುಂಗುವದು. ಇದನ್ನು ನೋಡಿ ನಿಖರ ಕೃಷಿಯು ಬಡವರಿಗಲ್ಲವೆಂದು ಕೈಬಿಡುವದೂ ತಪ್ಪು. ಯಂತ್ರವು ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ಬೇರೆ ರೀತಿಯಿಂದ ಮಾಡಿಕೊಳ್ಳಬಹುದೋ ಎಂದು ವಿಚಾರಿಸಬೇಕು. ಮೂರು ನಿದರ್ಶನಗಳನ್ನು ನೋಡಬಹುದು.

ಮೊದಲನೆಯದು ಹತ್ತಿಯ ಇಳುವರಿಯ ಅಳತೆ. ಅಮೆರಿಕದಲ್ಲಿ ಹತ್ತಿಯನ್ನು ಯಂತ್ರವು ಬಿಡಿಸುವದು. ಹೊಲದ ಯಾವ ತುಂಡಿನಲ್ಲಿ ಎಷ್ಟು ಬಂದಿತೆಂದು ತಿಳಿಯಲು, ಹತ್ತಿ ಹಾರಿಹೋಗುವ ಕೊಳವೆಯಲ್ಲಿ ಬೆಳಕಿನ ಕಿರಣಗಳನ್ನು ಹಾಯಿಸಿ ಲೆಕ್ಕ ಹಾಕುವ ಉಪಕರಣವನ್ನು ಜೋಡಿಸುವರು. ನಮ್ಮಲ್ಲಿ ಹತ್ತಿಯನ್ನು ಆಳುಗಳು ಕೈಯಿಂದ ಬಿಡಿಸುವರು. ಕಿಲೋ ಲೆಕ್ಕದಿಂದ ಕೂಲಿ ಕೊಡುವ ಕಡೆಗಳಲ್ಲಿ ಪ್ರತಿಯೊಬ್ಬರ ಗಂಟನ್ನೂ ತೂಗುವದು ಇದ್ದೇ ಇದೆ. ಆ ಗಂಟು ಹೊಲದ ಯಾವ ತುಂಡಿನದೆಂದು ತೂಕದ ಮುಂದೆ ಬರೆದಿಟ್ಟರೆ ಆ ಉಪಕರಣದ ಕೆಲಸವು ಬಿಡಿಕಾಸಿನ ಖರ್ಚಿಲ್ಲದೆ ಆಗುವದು.

ಎರಡನೆಯದು ಆಕಾಶದಿಂದ ಪೀಕಿನ ಪರೀಕ್ಷೆ. ಹಸುರಾದ ಆರೋಗ್ಯವಂತ ಎಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹಿಂದಕ್ಕೆ ಎಸೆಯುವದು. ಈ ಎರಡರ ಪ್ರಮಾಣದಿಂದ ಪೀಕಿನ ಪುಷ್ಟಿಯನ್ನು ಅಂದಾಜು ಮಾಡಬಹುದು. ಯುರೋಪಿನ ಸೆಂಟಿನೆಲ್-೨ ಉಪಗ್ರಹಗಳಲ್ಲಿ ಮೊದಲನೆಯದು ೨೦೧೫ರಲ್ಲಿ ಹಾರಿತು. ಅವುಗಳ ಚಿತ್ರಗಳು ಎಲ್ಲರಿಗೂ ಪುಕ್ಕಟೆಯಾಗಿ ದೊರೆಯುತ್ತವೆ. ಚಿತ್ರದ ಒಂದು ಚೌಕವು ನೆಲದ ಮೇಲೆ ೧೦ ಮೀಟರ್ ಉದ್ದ, ೧೦ ಮೀಟರ್ ಅಗಲ, ಅಂದರೆ ಹೆಚ್ಚುಕಡಿಮೆ ಸರಿಯಾಗಿ ಒಂದು ಗುಂಟೆ. ಒಂದು ಎಕರೆಗೆ ನಾಲ್ವತ್ತು ಚೌಕಗಳು ದೊರೆಯುವದರಿಂದ ಸಣ್ಣ ಹೊಲದ ವ್ಯತ್ಯಾಸವನ್ನೂ ಕಾಣಬಹುದು. ಆದರೆ ಮುಂಗಾರಿಯಲ್ಲಿ ಮೋಡ ಕವಿದಿರುವದರಿಂದ ವಾರಗಟ್ಟಲೆ ಚಿತ್ರ ಸಿಕ್ಕದೆ ಹೋಗಬಹುದು. ಹಿಂಗಾರಿಯ ಜೋಳ, ಕಡಲೆ, ಕುಸುಬಿಗಳ ಕಾಲದಲ್ಲಿ ಆಕಾಶವು ನಿರ್ಮಲವಾಗಿರುವದು. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಗೆ ಒಪ್ಪುವ ಸಾಧನವು ಮುಂಗಾರಿಯ ಮಳೆಯಲ್ಲಿ ಅಳ್ನಾವರ, ಕಲಘಟಗಿಗಳ ಭತ್ತಕ್ಕೆ ಅಷ್ಟಾಗಿ ಒಪ್ಪದು.

ಮೂರನೆಯದು ಎಲೆಯ ಬಣ್ಣದ ಪಟ್ಟಿ. ಎಲೆಯ ಹಸುರನ್ನು ಅಳೆಯುವ ಉಪಕರಣವು ಜಪಾನಿನಲ್ಲಿ ತಯಾರಾಯಿತು. ಅದರ ಬೆಲೆಯು ರೈತನಿಗೆ ನಿಲುಕದ್ದು. ಅದೇ ತತ್ವದ ಮೇಲೆ ಹಸುರಿನ ಛಾಯೆಗಳನ್ನು ಸಾಲಾಗಿ ಬಳಿದ ಅಗ್ಗದ ಪ್ಲ್ಯಾಸ್ಟಿಕ್ ಪಟ್ಟಿಯನ್ನು ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯವರು ಏಷ್ಯದ ರೈತರಿಗೆ ಒದಗಿಸಿದರು. ಬಿಸಿಲಿಗೆ ಬೆನ್ನು ಮಾಡಿ ನಿಂತು, ಹತ್ತು ಗಿಡಗಳ ಪೂರ್ಣ ಬಿಚ್ಚಿದ ಮೇಲಿನ ಎಲೆಯನ್ನು ಪಟ್ಟಿಗೆ ಹೋಲಿಸಿ, ಗೊತ್ತಾದ ಮಿತಿಗಿಂತ ಬಣ್ಣವು ತೆಳುವಾಗಿದ್ದರೆ ಮಾತ್ರ ಯೂರಿಯಾ ಕೊಡಬೇಕು. ಆ ಮಿತಿಯು ತಳಿಯಿಂದ ತಳಿಗೆ, ನಾಟಿಯಿಂದ ಬಿತ್ತಿಗೆಗೆ ಭಿನ್ನವಾಗಿರುವದರಿಂದ ಅದನ್ನು ಆಯಾ ಸೀಮೆಯಲ್ಲಿಯೇ ಪ್ರಯೋಗದಿಂದ ಗೊತ್ತುಮಾಡಬೇಕಾಗುವದು. ಉಪಕರಣವು ಪಟ್ಟಿಯಾಯಿತು, ಆದರೆ ಮಿತಿಯ ಅಂಕಿಯನ್ನು ಯಾರೂ ಹೊರಗಿನಿಂದ ತಂದು ಕೊಡಲಾರರು.

೫. ಈ ಸೀಮೆಯಲ್ಲಿ ಆಗಿರುವ ಅಳತೆಯ ಕೆಲಸ

ಧಾರವಾಡ ಜಿಲ್ಲೆಯು ಚಿಕ್ಕದಾದರೂ ಉತ್ತರದ ಒಣ ವಲಯ, ಉತ್ತರದ ಸಂಕ್ರಮಣ ವಲಯ, ಗುಡ್ಡಗಾಡಿನ ವಲಯ ಎಂಬ ಮೂರು ಹವಾಮಾನ ವಲಯಗಳನ್ನು ಒಳಗೊಂಡಿದೆ. ಒಂದೇ ಜಿಲ್ಲೆಗೆ ಒಂದೇ ಶಿಫಾರಸು ಸಲ್ಲದೆಂಬದು ಇದರಿಂದಲೇ ಸ್ಪಷ್ಟವಾಗುವದು.

೨೦೦೯ರಲ್ಲಿ ರಾಜ್ಯ ಸರಕಾರವು ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿರುವ ಅಂತರರಾಷ್ಟ್ರೀಯ ಸಂಸ್ಥೆಯಾದ ಇಕ್ರಿಸ್ಯಾಟ್‌ನ ನೆರವಿನಿಂದ ಭೂಚೇತನ ಯೋಜನೆಯನ್ನು ಕೈಕೊಂಡಿತು. ಹಳ್ಳಿಹಳ್ಳಿಯ ಮಣ್ಣನ್ನು ಪರೀಕ್ಷಿಸಿ ನೋಡಲಾಗಿ, ಮಳೆಯಾಶ್ರಯದ ಹೊಲಗಳಲ್ಲಿ ಸಾರಜನಕ, ರಂಜಕಗಳಲ್ಲದೆ ಗಂಧಕ, ಸತುವು, ಬೋರಾನ್ ಇವುಗಳ ಕೊರತೆಯೂ ವ್ಯಾಪಕವಾಗಿದ್ದದ್ದು ಕಂಡುಬಂದಿತು. ಎಕರೆಗೆ ಕೆಲವೇ ಕಿಲೋ ಹಾಕಬೇಕಾದ ಈ ದ್ರವ್ಯಗಳ ಕೊರತೆಯಿಂದ ಮೂಟೆಗಟ್ಟಲೆ ಹಾಕಿದ ಯೂರಿಯಾ ನಿಷ್ಫಲವಾಗುತ್ತಿದ್ದಿತು. ಅಳೆದು ನೋಡುವ ಮೊದಲು ಈ ಸಂಗತಿಯು ಹೊಲದ ಒಡೆಯನ ಕಣ್ಣಿಗೂ ಕಂಡಿರಲಿಲ್ಲ. ರೈತನ ಅನುಭವವು ದೊಡ್ಡದೆಂಬದು ಎಷ್ಟು ನಿಜವೋ, ಅನುಭವಕ್ಕೆ ಕಾಣದ್ದನ್ನು ಅಳತೆಯು ತೋರಿಸುವದೆಂಬದೂ ಅಷ್ಟೇ ನಿಜ.

೨೦೧೫ರಲ್ಲಿ ಕೇಂದ್ರ ಸರಕಾರದ ಮಣ್ಣಿನ ಆರೋಗ್ಯ ಚೀಟಿಯ ಯೋಜನೆಯು ಆರಂಭವಾಯಿತು. ಅದರ ಮೂಲ ಕ್ರಮದಂತೆ ನೀರಾವರಿಯಲ್ಲಿ ೨.೫ ಹೆಕ್ಟೇರಿಗೆ ಒಂದು, ಮಳೆಯಾಶ್ರಯದಲ್ಲಿ ೧೦ ಹೆಕ್ಟೇರಿಗೆ ಒಂದು ಮಾದರಿಯನ್ನು ತೆಗೆದು ಹನ್ನೆರಡು ಗುಣಗಳನ್ನು ಪರೀಕ್ಷಿಸಲಾಯಿತು. ದೇಶದ ಮಣ್ಣಿನ ಸ್ಥಿತಿಯನ್ನು ತಿಳಿಯಲು ಇದು ಒಳ್ಳೆಯ ಆರಂಭ. ಆದರೆ ೧೦ ಹೆಕ್ಟೇರ್ ಎಂದರೆ ಸುಮಾರು ೨೫ ಎಕರೆ. ಅಷ್ಟರಲ್ಲಿ ಅನೇಕ ರೈತರ ಹೊಲಗಳೂ ದಿನ್ನೆ ತಗ್ಗುಗಳೂ ಸೇರಿರುವವು. ಇಂಥ ಮಾದರಿಯಿಂದ ಬಂದ ಚೀಟಿಯ ಅಂಕಿಯು ನೆರೆಹೊರೆಯ ಸರಾಸರಿ. ಅದು ತನ್ನ ಹೊಲದ್ದೇ ಎಂದು ನಂಬಿ ಕೂಡಲಾಗದು. ತನ್ನ ಹೊಲದ ಸ್ಥಿತಿ ಬೇಕಾದವನು ತನ್ನ ಹೊಲದ ಮಣ್ಣನ್ನೇ ಕೊಡಬೇಕು.

ಇಸ್ರೇಲಿನ ವಿನಿಮಯದಿಂದ ಬಂದ ಹನಿ ನೀರಾವರಿಯನ್ನೂ ಇಲ್ಲಿ ನೆನೆಯಬೇಕು. ಇಂಡೋ-ಇಸ್ರೇಲ್ ಕೃಷಿ ಯೋಜನೆಯ ಮೇರೆಗೆ ಧಾರವಾಡದ ಕುಂಭಾಪುರ ಕ್ಷೇತ್ರದಲ್ಲಿ ತರಕಾರಿಯ ಕೇಂದ್ರವು ಏರ್ಪಟ್ಟಿದೆ. ನೀರನ್ನೂ ಗೊಬ್ಬರವನ್ನೂ ಬೇರಿನ ಬುಡಕ್ಕೆ ಅಳೆದು ಕೊಡುವದು ಇದರ ಗುಣ. ಬಾವಿಯೂ ಹತ್ತಿರದ ಪೇಟೆಯೂ ಉಳ್ಳವರಿಗೆ ಇದು ಲಾಭಕರ. ಒಣಬೇಸಾಯದ ರೈತನಿಗೆ ಬೇರೆ ದಾರಿ ಬೇಕು.

೬. ಹೋಗುವವರು ಒಯ್ಯತಕ್ಕದ್ದು, ತರತಕ್ಕದ್ದು

ಪರದೇಶಕ್ಕೆ ಹೋಗುವ ಸಂಶೋಧಕನು ಬರಿಗೈಯಿಂದ ಹೋಗಬಾರದು. ತನ್ನ ಸೀಮೆಯ ಮಣ್ಣಿನ ಅಂಕಿಗಳನ್ನೂ ಮಳೆಯ ಲೆಕ್ಕವನ್ನೂ ರೈತರ ಒಂದು ಖಚಿತವಾದ ಪ್ರಶ್ನೆಯನ್ನೂ ಒಯ್ಯಬೇಕು. ಅಲ್ಲಿ ಕಂಡ ಯಾವ ಉಪಕರಣವನ್ನೇ ಆಗಲಿ, ನಮ್ಮ ನೆಲಕ್ಕೆ ಹೊಂದುವದೋ ಇಲ್ಲವೋ ಎಂದು ಒರೆಗೆ ಹಚ್ಚಬೇಕು. ಹೊಂದದಿರುವದಕ್ಕೆ ಕಾರಣಗಳು ಬಹಳ ಸೂಕ್ಷ್ಮವಾಗಿರುತ್ತವೆ.

ಮಣ್ಣಿನ ಹಸಿಯನ್ನು ಅಳೆಯುವ ಮುಳ್ಳುಗಳನ್ನು ತೆಗೆದುಕೊಳ್ಳಿರಿ. ಮರಳುಮಿಶ್ರ ಭೂಮಿಯಲ್ಲಿ ಇವು ಚೆನ್ನಾಗಿ ಕೆಲಸ ಮಾಡುವವು. ನಮ್ಮ ಎರೆಯು ಒಣಗಿದಾಗ ಬಿರಿಯುವದು. ಮುಳ್ಳಿಗೂ ಮಣ್ಣಿಗೂ ನಡುವೆ ಗಾಳಿ ಸೇರಿ ಉಪಕರಣವು ಹಸಿಯನ್ನು ತಪ್ಪಾಗಿ ತೋರಿಸುವದು. ಜೇಡಿಯ ಅಂಶವೂ ಉಪ್ಪಿನ ಅಂಶವೂ ಹೆಚ್ಚಿದ್ದಲ್ಲಿ ಅಂಕಿಯು ಮತ್ತಷ್ಟು ವ್ಯತ್ಯಾಸವಾಗುವದು. ಇಲ್ಲಿಯ ಮಣ್ಣನ್ನೇ ತೂಗಿ ಒಣಗಿಸಿ ಮತ್ತೆ ತೂಗಿ ತಾಳೆ ನೋಡಿದ ಹೊರತು ಅದನ್ನು ನಂಬಲಾಗದು. ರಂಜಕದ ಪರೀಕ್ಷೆಯೂ ಹಾಗೆಯೇ. ೧೯೪೫ರಲ್ಲಿ ಇಲಿನಾಯ್‌ನಲ್ಲಿ ಹೊರಟ ಬ್ರೇ ಎಂಬ ಪದ್ಧತಿಯು ಹುಳಿಭೂಮಿಗೆ ಯೋಗ್ಯವಾದದ್ದು. ಸುಣ್ಣದ ಹರಳುಳ್ಳ ಎರೆಯಲ್ಲಿ ಅದರ ಆಮ್ಲವು ಸುಣ್ಣದಿಂದಲೇ ಕುಂದಿ ಹೋಗಿ, ಇದ್ದ ರಂಜಕವನ್ನು ಕಡಿಮೆಯಾಗಿ ತೋರಿಸುವದು. ಅಂಥ ಭೂಮಿಗೆ ೧೯೫೪ರಲ್ಲಿ ಹೊರಟ ಓಲ್ಸನ್ ಪದ್ಧತಿಯೇ ಸರಿಯಾದದ್ದು. ತಪ್ಪು ಪದ್ಧತಿಯಿಂದ ಅಳೆದರೆ ಬೇಡದ ಗೊಬ್ಬರಕ್ಕೆ ರೈತನ ಹಣವು ಹೋಗುವದು.

ಡ್ರೋನ್ ಎಂಬ ಹಾರುವ ಯಂತ್ರದಿಂದ ಔಷಧ ಸಿಂಪಡಿಸುವದೂ ಈಗ ಬಳಕೆಗೆ ಬರುತ್ತಿದೆ. ಮಹಿಳಾ ಸ್ವಸಹಾಯ ಸಂಘಗಳಿಗೆ ಇಂಥ ಯಂತ್ರಗಳನ್ನು ಒದಗಿಸುವ ಯೋಜನೆಗೆ ಕೇಂದ್ರ ಸರಕಾರವು ೨೦೨೩ರಲ್ಲಿ ಒಪ್ಪಿಗೆ ಕೊಟ್ಟಿತು. ಇದರಿಂದ ಆಳಿನ ಶ್ರಮ ಉಳಿಯುವದು, ವಿಷದ ಸೋಂಕೂ ಕಡಿಮೆಯಾಗುವದು. ಆದರೆ ಹೊಲವೆಲ್ಲಕ್ಕೂ ಒಂದೇ ಸಮನಾಗಿ ಸಿಂಪಡಿಸಿದರೆ ಅದು ವೇಗದ ಕೆಲಸವೇ ಹೊರತು ನಿಖರ ಕೃಷಿಯಲ್ಲ. ಎಲ್ಲಿ ಬೇಕು, ಎಲ್ಲಿ ಬೇಡ ಎಂಬ ತಿಳಿವಳಿಕೆಯು ಮೊದಲು ಬರಬೇಕು; ಯಂತ್ರವು ಅದರ ಹಿಂದೆ ಬರಬೇಕು.

ಹೋಗಿ ಬಂದವರು ಇನ್ನೂ ಒಂದನ್ನು ಮಾಡತಕ್ಕದ್ದು. ಕಲಿತದ್ದನ್ನು ಮೊದಲು ಪ್ರಯೋಗಕ್ಷೇತ್ರದಲ್ಲಿಯೂ, ಬಳಿಕ ಮೂರು ವಲಯಗಳ ರೈತರ ಹೊಲಗಳಲ್ಲಿಯೂ, ಮಳೆಯ ಒಳ್ಳೆಯ ವರ್ಷ ಕೆಟ್ಟ ವರ್ಷಗಳೆರಡರಲ್ಲಿಯೂ ನೋಡಿ, ಸಫಲವಾದದ್ದರಂತೆಯೇ ವಿಫಲವಾದದ್ದನ್ನೂ ಪ್ರಕಟಿಸಬೇಕು. ಮರ್ಸರರು ತಮ್ಮ ಪದ್ಧತಿಯು ಹೊಂದಲಿಲ್ಲವೆಂದು ಬರೆದು ತಿಳಿಸಿದ್ದರಿಂದಲೇ ಆ ಪ್ರಯೋಗದಿಂದ ಇಂದಿಗೂ ಪಾಠ ದೊರೆಯುತ್ತಿದೆ.

೭. ಒಕ್ಕಲಿಗರು ಈ ವರ್ಷವೇ ಮಾಡತಕ್ಕದ್ದು

(ಅ) ಹೊಲವನ್ನು ಮಣ್ಣಿನ ಬಣ್ಣ, ಆಳ, ಇಳಿಜಾರುಗಳ ಮೇಲಿಂದ ಎರಡು ಮೂರು ತುಂಡುಗಳಾಗಿ ಎಣಿಸಿ, ಒಂದು ಕಾಗದದ ಮೇಲೆ ಕೈನಕ್ಷೆಯನ್ನು ಬರೆಯಬೇಕು. ಹಿರಿಯರು ಹೊಲದ ಭಾಗಗಳಿಗೆ ಇಟ್ಟ ಹೆಸರುಗಳಿದ್ದರೆ ಅವನ್ನೇ ಬರೆಯಬೇಕು.

(ಆ) ಬೇಸಿಗೆಯಲ್ಲಿ, ಗೊಬ್ಬರ ಹಾಕುವ ಮೊದಲು, ಪ್ರತಿ ತುಂಡಿನ ಮಣ್ಣನ್ನು ಬೇರೆಬೇರೆಯಾಗಿ ತೆಗೆಯಬೇಕು. ಒಂದೊಂದು ತುಂಡಿನಲ್ಲಿ ಹತ್ತು ಹದಿನೈದು ಕಡೆ ಆರು ಅಂಗುಲ ಆಳದ ಕುಣಿ ತೋಡಿ, ಕುಣಿಯ ಮಗ್ಗಲಿನಿಂದ ಮೇಲಿನಿಂದ ಕೆಳಗಿನವರೆಗೆ ತೆಳುವಾಗಿ ಮಣ್ಣು ಕೆರೆದು, ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ ಎದುರೆದುರಿನ ಎರಡು ಪಾಲುಗಳನ್ನು ಬಿಡುತ್ತ ಅರ್ಧ ಕಿಲೋ ಉಳಿಸಿಕೊಳ್ಳಬೇಕು. ಬದು, ಗಿಡದ ನೆರಳು, ತಿಪ್ಪೆಯ ಸ್ಥಳ ಇವುಗಳನ್ನು ಬಿಡತಕ್ಕದ್ದು. ನೆರಳಲ್ಲಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ತುಂಬಿ, ತುಂಡಿನ ಹೆಸರನ್ನು ಬರೆದು ಪರೀಕ್ಷೆಗೆ ಕಳಿಸಬೇಕು. ಎರೆಯಾಗಿದ್ದರೆ ರಂಜಕವನ್ನು ಯಾವ ಪದ್ಧತಿಯಿಂದ ಪರೀಕ್ಷಿಸುವರೆಂದು ಕೇಳಿ ತಿಳಿದುಕೊಳ್ಳಬೇಕು.

(ಇ) ಗೋವಿನಜೋಳ ಬಿತ್ತುವವರು ಹೊಲದ ಉದ್ದಕ್ಕೂ ನಾಲ್ಕು ಸಾಲುಗಳಿಗೆ ಮಾತ್ರ ಸಾರಜನಕವು ಕೊರತೆಯಾಗದಷ್ಟು ಮೊದಲೇ ಕೊಟ್ಟು ಗುರುತು ಮಾಡಬೇಕು. ಮೇಲುಗೊಬ್ಬರದ ಕಾಲಕ್ಕೆ ಆ ಸಾಲುಗಳ ಬಣ್ಣವನ್ನು ಮಗ್ಗಲಿನ ಸಾಲುಗಳಿಗೆ ಹೋಲಿಸಬೇಕು. ಭೇದವು ಸ್ಪಷ್ಟವಾಗಿ ಕಂಡರೆ ಮೇಲುಗೊಬ್ಬರ ಅವಶ್ಯ. ಭೇದವೇ ಕಾಣದ ತುಂಡಿನಲ್ಲಿ ಕಡಿಮೆ ಮಾಡಬಹುದು ಇಲ್ಲವೆ ಕೆಲವು ದಿನ ತಡೆದು ನೋಡಬಹುದು. ಅಮೆರಿಕದ ಓಕ್ಲಹೋಮಾದಲ್ಲಿ ಗೋದಿಯ ಬೆಳೆಗಾರರು ಉಪಕರಣದಿಂದ ಮಾಡುವ ಈ ಹೋಲಿಕೆಯನ್ನು ಇಲ್ಲಿ ಕಣ್ಣಿನಿಂದಲೂ ಬಣ್ಣದ ಪಟ್ಟಿಯಿಂದಲೂ ಮಾಡಬಹುದು.

(ಈ) ರಾಶಿಯನ್ನಾಗಲಿ ಹತ್ತಿಯನ್ನಾಗಲಿ ತುಂಡುತುಂಡಾಗಿ ತೂಗಿ ಬರೆದಿಡಬೇಕು. ಇದರ ಪ್ರಯೋಜನವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ನಾಲ್ಕು ಎಕರೆಯ ಹತ್ತಿಯ ಹೊಲದಲ್ಲಿ ದಿನ್ನೆಯ ಒಂದು ಎಕರೆಯಲ್ಲಿ ೪ ಕ್ವಿಂಟಲ್, ನಡುವಿನ ಎರಡು ಎಕರೆಗಳಲ್ಲಿ ೧೬ ಕ್ವಿಂಟಲ್, ತಗ್ಗಿನ ಒಂದು ಎಕರೆಯಲ್ಲಿ ೧೦ ಕ್ವಿಂಟಲ್ ಬಂದಿತೆಂದು ಎಣಿಸೋಣ. ಒಟ್ಟು ೩೦ ಕ್ವಿಂಟಲ್. ಎಕರೆಗೆ ಸರಾಸರಿ ಏಳೂವರೆ. ಆದರೆ ಏಳೂವರೆ ಕ್ವಿಂಟಲ್ ಕೊಟ್ಟ ಎಕರೆಯು ಆ ಹೊಲದಲ್ಲಿ ಒಂದೂ ಇಲ್ಲ. ಸರಾಸರಿಯನ್ನು ನೋಡಿ ಗೊಬ್ಬರ ಹಾಕುವವನು ಇಲ್ಲದ ಹೊಲಕ್ಕೆ ಹಾಕಿದಂತಾಗುವದು. ದಿನ್ನೆಯಲ್ಲಿ ಬೆಳೆ ಕಡಿಮೆಯಾದದ್ದು ಮಣ್ಣು ತೆಳುವಾದದ್ದರಿಂದಲೋ, ಸಾರವು ಸಾಲದ್ದರಿಂದಲೋ ಎಂದು ಮಣ್ಣಿನ ಪರೀಕ್ಷೆಯಿಂದ ತಿಳಿದು, ತೆಳುವಾಗಿದ್ದರೆ ಹೆಚ್ಚು ಗೊಬ್ಬರದ ಬದಲು ಒಡ್ಡು ಕಟ್ಟಿ ತಿಪ್ಪೆಗೊಬ್ಬರ ಹಾಕುವದು, ಬೇರು ಮೇಲಿರುವ ಪೀಕು ತೆಗೆಯುವದು ಲೇಸು.

(ಉ) ಈ ಬರಹವನ್ನು ಮೂರು ವರ್ಷ ತಪ್ಪದೆ ಇಡಬೇಕು. ಒಂದು ವರ್ಷದ ಅಂಕಿಯು ಆ ವರ್ಷದ ಮಳೆಯ ಮಾತನ್ನು ಹೇಳುವದು. ಮೂರು ವರ್ಷದ ಅಂಕಿಗಳು ನೆಲದ ಮಾತನ್ನು ಹೇಳುವವು.

ಪರದೇಶಕ್ಕೆ ಹೋಗುವ ವಿದ್ಯಾರ್ಥಿಯು ಇಂಥ ನೂರು ಹೊಲಗಳ ಲೆಕ್ಕದ ಪುಸ್ತಕಗಳನ್ನು ಸಂಗಡ ಒಯ್ಯುವಂತಾದರೆ ಅಲ್ಲಿಯ ಪಂಡಿತರ ಮುಂದೆ ಕೇಳುವವನಾಗಿಯೂ ಹೇಳುವವನಾಗಿಯೂ ಕೂಡುವನು. ಏಕೆಂದರೆ ಎರಡೆಕರೆ, ಮೂರೆಕರೆಯ ಹೊಲದ ನಿಖರ ಕೃಷಿಯು ಹೇಗಿರಬೇಕೆಂಬದನ್ನು ಅವರೂ ಇನ್ನೂ ಕಲಿಯಬೇಕಾಗಿದೆ. ಏಷ್ಯ, ಆಫ್ರಿಕ ಖಂಡಗಳ ಅಸಂಖ್ಯ ರೈತರು ಅಂಥ ಹೊಲಗಳ ಮೇಲೆಯೇ ಬಾಳುತ್ತಿರುವರು. ಆದಕಾರಣ ಒಕ್ಕಲಿಗ ಬಂಧುಗಳು ಬರುವ ಮುಂಗಾರಿಗೆ ಮುಂಚಿತವಾಗಿ ಹೊಲದ ಕೈನಕ್ಷೆಯನ್ನು ಬರೆದು, ತುಂಡುತುಂಡಿನ ಮಣ್ಣನ್ನು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಮುಟ್ಟಿಸಿ, ತೂಕದ ಪುಸ್ತಕವನ್ನು ಈ ಹಂಗಾಮಿನಿಂದಲೇ ಆರಂಭಿಸತಕ್ಕದ್ದು.